ಕೇಳದೆ ಉಳಿದ ಪ್ರಶ್ನೆ: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ದಾಂಪತ್ಯ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ವಿಷಯವನ್ನು ಎತ್ತಬಹುದೇ ಎಂದು ನಾವು ಬಹಳ ದಿನ ಹಿಂದುಮುಂದು ನೋಡಿದೆವು. ಮಧುಮೇಹ, ರಕ್ತದೊತ್ತಡ, ಮಂಡಿನೋವು, ಕಣ್ಣಿನ ಪೊರೆ ಇವುಗಳನ್ನು ಕುರಿತು ಮಾತನಾಡಲು ನಮ್ಮ ಹಿರಿಯರಿಗೆ ಯಾವ ಸಂಕೋಚವೂ ಇಲ್ಲ; ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಸಕ್ಕರೆಯ ಅಂಕಿಗಳ ವಿನಿಮಯ ನಡೆದೇ ಇರುತ್ತದೆ. ಆದರೆ ಸೊಂಟದ ಕೆಳಗಿನ ಬೇನೆ ಎಂದೊಡನೆ ಎಲ್ಲರೂ ಮೌನ ತಾಳುತ್ತಾರೆ. ಆ ಮೌನಕ್ಕೆ ತೆರಬೇಕಾಗುವ ಬೆಲೆಯನ್ನು ಒಂದು ಮನೆಯಲ್ಲಿ ಕಣ್ಣಾರೆ ಕಂಡ ಮೇಲೆ ಬರೆಯದೆ ಇರುವುದೇ ತಪ್ಪೆನಿಸಿತು. ಈ ಪುಟ ಕಿರಿಯರ ಕೈಗೆ ಸಿಕ್ಕರೆ ಮುಜುಗರಪಡಬೇಕಾದುದೇನೂ ಇಲ್ಲ. ದೇಹವನ್ನು ಹೀನವೆಂದು ಕಾಣದೆ, ಸತಿಪತಿಗಳ ಬಾಳನ್ನು ಸಾಧನೆಗೆ ಅಡ್ಡಿಯೆಂದು ಎಣಿಸದೆ ನಡೆದ ಶರಣರ ಪರಂಪರೆ ನಮ್ಮದು.

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ನಮಗೆ ತಾಯಿಯ ಕಡೆಯಿಂದ ದೂರದ ಬಂಧುಗಳಾದ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರಿಗೆ ೬೭ ವರ್ಷವಾಗಿದ್ದಾಗ ರಾತ್ರಿ ನಾಲ್ಕಾರು ಸಲ ಮೂತ್ರಕ್ಕೆ ಏಳಬೇಕಾಗುತ್ತಿದ್ದುದರಿಂದ ಪಟ್ಟಣದ ಆಸ್ಪತ್ರೆಯೊಂದಕ್ಕೆ ತೋರಿಸಿದರು. ರಕ್ತ ಪರೀಕ್ಷೆಯಾಯಿತು, ಚೂರು ತೆಗೆದು ನೋಡಿದ್ದಾಯಿತು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಆದರೆ ಗ್ರಂಥಿಯನ್ನು ದಾಟಿ ಹೊರಗೆ ಹೋಗಿಲ್ಲ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂದು ವೈದ್ಯರು ಹೇಳಿದರು. ಮಾಸ್ತರರು ಊರಿಗೆ ಮರಳಿದರು. ಮನೆಯಲ್ಲಿ “ವಯಸ್ಸಾದ ಮೇಲೆ ಎಲ್ಲರಿಗೂ ಆಗೋದು, ಗುಳಿಗಿ ಕೊಟ್ಟಾರ” ಎಂದರು. ಹೀಗೆ ಒಂದೂವರೆ ವರ್ಷ ಕಳೆಯಿತು. ಬೆನ್ನುನೋವು ತಾಳಲಾರದೆ ಮತ್ತೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ರೋಗ ಬೆನ್ನುಮೂಳೆಯನ್ನು ಮುಟ್ಟಿತ್ತು.

ಏಕೆ ಹೀಗೆ ಮಾಡಿದಿರಿ ಎಂದು ನಾವು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಹೊರಗ ಬೆಂಚಿನ ಮ್ಯಾಲೆ ಕುಂತಾಂವ ಒಬ್ಬಾಂವ, ‘ಇದನ್ನ ಮಾಡಿಸಿದ್ರ ಗಂಡಸ್ತನ ಹೋತು ಅಂತ ತಿಳ್ಕೋರಿ’ ಅಂದ. ಮತ್ತ ಒಳಗ ಹೋಗಿ ಡಾಕ್ಟರನ್ನ ಕೇಳಲಿಕ್ಕೆ ಬಾಯಿ ಬರಲಿಲ್ಲಪಾ.” ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, “ನಂಗ ಒಂದ ಮಾತು ಹೇಳಿದ್ರ ಸಾಕಿತ್ರೀ ಅಣ್ಣಾರ. ನಮಗ ಮನುಷ್ಯಾ ಉಳಿದ್ರ ಸಾಕಾಗಿತ್ತು” ಎಂದರು.

ಬೆಂಚಿನ ಮೇಲೆ ಕುಳಿತಿದ್ದವನು ಹೇಳಿದ ಮಾತು ಪೂರ್ತಿ ಸುಳ್ಳಲ್ಲ. ನಲವತ್ತೈದು ವರ್ಷಗಳ ಹಿಂದೆ ಅದು ಬಹುಮಟ್ಟಿಗೆ ನಿಜವೇ ಆಗಿತ್ತು. ಆ ಬಳಿಕ ನಡೆದುದೇನೆಂಬುದು ನಮ್ಮ ಹಳ್ಳಿಪಟ್ಟಣಗಳ ಬೆಂಚುಗಳನ್ನು ಇನ್ನೂ ತಲುಪಿಲ್ಲ. ಅದನ್ನು ತಿಳಿಯಬೇಕಾದರೆ ಮೊದಲು ದೇಹದ ರಚನೆಯನ್ನು ಸ್ವಲ್ಪ ಅರಿಯಬೇಕು.

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಅಕ್ರೋಟಿನಷ್ಟು ಗಾತ್ರದಲ್ಲಿ ಇರುತ್ತದೆ. ಮೂತ್ರನಾಳ ಅದರ ನಡುವಿನಿಂದಲೇ ಹಾದುಹೋಗುತ್ತದೆ. ವೀರ್ಯದ ದ್ರವಭಾಗದಲ್ಲಿ ಒಂದು ಪಾಲನ್ನು ಒದಗಿಸುವುದು ಅದರ ಕೆಲಸ. ವಯಸ್ಸಾದಂತೆ ಅದು ಹಿಗ್ಗುವುದು ಸಾಮಾನ್ಯ, ಮತ್ತು ಆ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ. ರಾತ್ರಿ ಪದೇ ಪದೇ ಏಳುವುದು, ಧಾರೆ ಸಣ್ಣಗಾಗುವುದು ಹೆಚ್ಚಿನವರಲ್ಲಿ ಈ ಹಿಗ್ಗುವಿಕೆಯ ಫಲವೇ ಹೊರತು ಕ್ಯಾನ್ಸರಿನದಲ್ಲ. ಕ್ಯಾನ್ಸರ್ ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರದೆ ಇರುತ್ತದೆ. ಇನ್ನು ಜನನೇಂದ್ರಿಯದ ನಿಮಿರುವಿಕೆಗೂ ಈ ಗ್ರಂಥಿಗೂ ನೇರವಾದ ಸಂಬಂಧವೇ ಇಲ್ಲ. ನಿಮಿರುವಿಕೆಯನ್ನು ಉಂಟುಮಾಡುವುದು ಅಲ್ಲಿಗೆ ಹರಿದು ಬಂದು ನಿಲ್ಲುವ ರಕ್ತ. ಆ ರಕ್ತಕ್ಕೆ ದಾರಿ ತೆರೆಯುವುದು ಕೂದಲೆಳೆಯಂತಹ ಕೆಲವು ನರಗಳು. ಹಾಗಾದರೆ ಗ್ರಂಥಿಯನ್ನು ತೆಗೆದೊಡನೆ ಈ ಶಕ್ತಿ ಏಕೆ ಹೋಗುತ್ತಿತ್ತು?

ಈ ಪ್ರಶ್ನೆಗೆ ಉತ್ತರ ದೊರೆಯಲು ಬಹಳ ಕಾಲ ಹಿಡಿಯಿತು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ವೈದ್ಯರು ೧೯೦೪ರಲ್ಲಿ ಕ್ಯಾನ್ಸರಿಗಾಗಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿದರು. ಅಂದಿನಿಂದ ಮುಕ್ಕಾಲು ಶತಮಾನದವರೆಗೆ ಆ ಚಿಕಿತ್ಸೆಗೆ ಒಳಗಾದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪುರುಷಶಕ್ತಿಯನ್ನು ಕಳೆದುಕೊಂಡರು. ರಕ್ತಸ್ರಾವವೂ ವಿಪರೀತ. ನಿಮಿರುವಿಕೆಯ ನರಗಳು ಗ್ರಂಥಿಯ ಒಳಗಿನಿಂದಲೇ ಹೋಗುತ್ತವೆ, ಗ್ರಂಥಿ ಹೋದರೆ ಅವೂ ಹೋಗಲೇಬೇಕು ಎಂದೇ ವೈದ್ಯರು ನಂಬಿದ್ದರು. ಜೀವ ಉಳಿದರೆ ಸಾಕೆಂದು ರೋಗಿಗಳೂ ಸುಮ್ಮನಾಗುತ್ತಿದ್ದರು. ಸುಮ್ಮನಾಗದವರು ಶಸ್ತ್ರಚಿಕಿತ್ಸೆಯೇ ಬೇಡವೆಂದು ಎದ್ದು ಹೋಗುತ್ತಿದ್ದರು. ನಮ್ಮ ಮಾಸ್ತರರ ಭಯ ಅವರೊಬ್ಬರದೇ ಅಲ್ಲ, ನಮ್ಮ ನಾಡಿನದು ಮಾತ್ರವೂ ಅಲ್ಲ.

ಅದೇ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ೧೯೭೪ರಲ್ಲಿ ಮೂತ್ರರೋಗ ವಿಭಾಗದ ಮುಖ್ಯಸ್ಥರಾಗಿ ಬಂದ ಪ್ಯಾಟ್ರಿಕ್ ವಾಲ್ಶ್ ಮೊದಲು ಕೈಹಾಕಿದ್ದು ರಕ್ತಸ್ರಾವವನ್ನು ತಡೆಯುವ ಕೆಲಸಕ್ಕೆ. ಗ್ರಂಥಿಯ ಮುಂಭಾಗದ ಸಿರೆಗಳ ಜಾಲವನ್ನು ಅಭ್ಯಾಸ ಮಾಡಿ, ಅದನ್ನು ಕಟ್ಟುವ ವಿಧಾನವನ್ನು ಕಂಡುಕೊಂಡರು. ರಕ್ತ ತುಂಬಿಕೊಂಡಿದ್ದ ಜಾಗ ತಿಳಿಯಾಯಿತು. ಅಲ್ಲಿಯವರೆಗೆ ಕೈತಡವಿ ಮಾಡುತ್ತಿದ್ದ ಕೆಲಸವನ್ನು ಕಣ್ಣಿನಿಂದ ನೋಡಿ ಮಾಡಲು ಸಾಧ್ಯವಾಯಿತು. ೧೯೭೭ರಲ್ಲಿ ಒಬ್ಬ ರೋಗಿ ಶಸ್ತ್ರಚಿಕಿತ್ಸೆಯಾದ ಕೆಲವೇ ತಿಂಗಳಲ್ಲಿ ಬಂದು, ತನ್ನ ದಾಂಪತ್ಯ ಜೀವನ ಮೊದಲಿನಂತೆಯೇ ಇದೆಯೆಂದು ಹೇಳಿದ. ಬೇರೆ ಯಾರಾದರೂ ಆಗಿದ್ದರೆ ಅದೃಷ್ಟವೆಂದು ಬಿಟ್ಟುಬಿಡುತ್ತಿದ್ದರೇನೋ. ವಾಲ್ಶ್ ಹಾಗೆ ಬಿಡಲಿಲ್ಲ. ಒಬ್ಬನಲ್ಲಿ ಉಳಿಯಿತೆಂದರೆ ನರಗಳು ಗ್ರಂಥಿಯ ಒಳಗಿರಲಾರವು, ಹೊರಗೆ ಎಲ್ಲಿಯೋ ಇರಬೇಕು ಎಂದು ತರ್ಕಿಸಿದರು. ಆದರೆ ಎಲ್ಲಿ? ಯಾವ ಅಂಗರಚನಾ ಗ್ರಂಥದಲ್ಲಿಯೂ ಅದರ ಸ್ಪಷ್ಟ ಚಿತ್ರವಿರಲಿಲ್ಲ.

೧೯೮೧ರ ಫೆಬ್ರವರಿಯಲ್ಲಿ ವಾಲ್ಶ್ ಒಂದು ಸಭೆಗಾಗಿ ನೆದರ್‌ಲ್ಯಾಂಡ್ಸ್ ದೇಶದ ಲೈಡನ್ ನಗರಕ್ಕೆ ಹೋಗಿದ್ದರು. ಅಲ್ಲಿ ಪೀಟರ್ ಡಾಂಕರ್ ಎಂಬ ನಿವೃತ್ತ ಪ್ರಾಧ್ಯಾಪಕರ ಪರಿಚಯವಾಯಿತು. ಕೆಲಸದಿಂದ ಬಿಡುಗಡೆಯಾದ ಮೇಲೆಯೂ ಈ ಹಿರಿಯರು ಸುಮ್ಮನೆ ಕುಳಿತಿರಲಿಲ್ಲ. ಮೂತ್ರಕೋಶಕ್ಕೆ ಹೋಗುವ ನರಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. ವಯಸ್ಕರ ದೇಹದಲ್ಲಿ ಕೊಬ್ಬು ಮತ್ತು ನಾರುಗಳ ನಡುವೆ ಇಂತಹ ನರಗಳು ಕಾಣುವುದೇ ಕಷ್ಟ. ಆದ್ದರಿಂದ ಡಾಂಕರ್ ಸತ್ತು ಹುಟ್ಟಿದ ಶಿಶುವಿನ ದೇಹವನ್ನು ಅಭ್ಯಾಸಕ್ಕೆ ಬಳಸುತ್ತಿದ್ದರು. ನಿಮಿರುವಿಕೆಯ ನರಗಳು ಎಲ್ಲಿವೆ ಎಂದು ವಾಲ್ಶ್ ಕೇಳಿದರು. ತಾವು ಅದನ್ನು ನೋಡಿಯೇ ಇಲ್ಲವೆಂದು ಡಾಂಕರ್ ಉತ್ತರಿಸಿದರು. ಇಬ್ಬರೂ ಕೂಡಿ ಕುಳಿತು ಆ ನರಗಳ ದಾರಿಯನ್ನು ಹುಡುಕತೊಡಗಿದರು. ಕೆಲವೇ ಗಂಟೆಗಳಲ್ಲಿ ಅದು ಕಣ್ಣಿಗೆ ಬಿತ್ತು: ನರಗಳು ಗ್ರಂಥಿಯ ಕವಚದ ಹೊರಗೆ, ಹಿಂಬದಿಯ ಎಡಬಲ ಅಂಚುಗಳಲ್ಲಿ ಇಳಿದು ಹೋಗುತ್ತಿದ್ದವು. ಮುಕ್ಕಾಲು ಶತಮಾನದ ನಂಬಿಕೆ ಅಂದು ಬಿದ್ದುಹೋಯಿತು. ನಿವೃತ್ತರೊಬ್ಬರ ನಿಶ್ಚಿಂತ ಕಾಯಕದಿಂದ ಲೋಕಕ್ಕೆ ಆದ ಉಪಕಾರವಿದು ಎಂದು ನಮಗೆ ಅನ್ನಿಸುತ್ತದೆ.

ಶಿಶುವಿನಲ್ಲಿ ಕಂಡುದು ವಯಸ್ಕ ರೋಗಿಯಲ್ಲಿ ಕಾಣುವ ಬಗೆ ಹೇಗೆ? ನರಗಳು ಕಾಣದಿದ್ದರೂ ಅವುಗಳ ಜೊತೆಗೆ ಸಾಗುವ ರಕ್ತನಾಳಗಳು ಕಾಣುತ್ತವೆ. ಅವನ್ನೇ ಗುರುತಾಗಿ ಇಟ್ಟುಕೊಂಡರೆ ನರಗಳನ್ನು ಉಳಿಸಬಹುದು ಎಂದು ವಾಲ್ಶ್ ಕಂಡುಕೊಂಡರು. ೧೯೮೨ರ ಏಪ್ರಿಲ್ ೨೬ರಂದು ೫೨ ವರ್ಷದ ಪ್ರಾಧ್ಯಾಪಕರೊಬ್ಬರಿಗೆ, ನರಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿ, ಗ್ರಂಥಿಯನ್ನು ಮಾತ್ರ ತೆಗೆದರು. ರೋಗಿ ಗುಣಮುಖರಾದರು, ಕಾಲಕ್ರಮದಲ್ಲಿ ಅವರ ಪುರುಷಶಕ್ತಿಯೂ ಮರಳಿತು. ವಾಲ್ಶ್ ಮತ್ತು ಡಾಂಕರ್ ಅವರ ಲೇಖನ ಅದೇ ವರ್ಷ ಪ್ರಕಟವಾಯಿತು. ಇಂದು ನಮ್ಮ ಬೆಂಗಳೂರಿನಲ್ಲಿಯೂ ರೋಬಾಟ್ ಯಂತ್ರದ ಕೈಗಳಿಂದ ಮಾಡುವ ಶಸ್ತ್ರಚಿಕಿತ್ಸೆ ಬಂದಿದೆ. ಯಂತ್ರ ಹೊಸದು, ಉಳಿಸಬೇಕಾದ ನರಗಳು ಮಾತ್ರ ಲೈಡನ್ನಿನಲ್ಲಿ ಕಂಡವೇ.

ಇಷ್ಟು ಹೇಳಿದೊಡನೆ ಇನ್ನು ಭಯವೇ ಇಲ್ಲವೆಂದು ಯಾರೂ ತಿಳಿಯಬಾರದು. ನರಗಳನ್ನು ಉಳಿಸಿದರೂ ಅವಕ್ಕೆ ಪೆಟ್ಟು ಬಿದ್ದಿರುತ್ತದೆ. ಚೇತರಿಸಿಕೊಳ್ಳಲು ಒಂದೂವರೆ, ಎರಡು ವರ್ಷ ಹಿಡಿಯಬಹುದು. ವಯಸ್ಸು ಎಷ್ಟು, ಮೊದಲು ಶಕ್ತಿ ಹೇಗಿತ್ತು, ಸಕ್ಕರೆ ಕಾಯಿಲೆ ಇದೆಯೇ, ಬೀಡಿ ಸಿಗರೇಟಿನ ಚಟವಿದೆಯೇ, ಎರಡೂ ಕಡೆಯ ನರಗಳು ಉಳಿದವೇ ಅಥವಾ ಒಂದೇ ಕಡೆಯವೇ, ಶಸ್ತ್ರವೈದ್ಯರ ಕೈ ಎಷ್ಟು ಪಳಗಿದೆ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕ್ಯಾನ್ಸರ್ ನರಗಳ ಹತ್ತಿರಕ್ಕೆ ಬಂದಿದ್ದರೆ ಅವನ್ನು ಬಿಟ್ಟುಕೊಡಬೇಕಾಗುತ್ತದೆ. ಅಲ್ಲಿ ವಾದಕ್ಕೆ ಎಡೆಯಿಲ್ಲ. ಗ್ರಂಥಿ ಹೋದ ಮೇಲೆ ವೀರ್ಯ ಹೊರಬರುವುದಿಲ್ಲ, ಸಹಜವಾಗಿ ಸಂತಾನವಾಗುವುದೂ ಇಲ್ಲ. ಆದರೆ ಸ್ಪರ್ಶದ ಅರಿವನ್ನು ತರುವ ನರ ಬೇರೆಯದಾದ್ದರಿಂದ ಸುಖದ ಅನುಭವ ಉಳಿದಿರುತ್ತದೆ. ಈ ಭೇದವನ್ನು ತಿಳಿದವರು ಬಹಳ ಕಡಿಮೆ.

ಅಂಕಿಗಳನ್ನೂ ಮುಚ್ಚಿಡದೆ ಹೇಳಬೇಕು. ಬ್ರಿಟನ್ನಿನಲ್ಲಿ ‘ಪ್ರೊಟೆಕ್ಟ್’ ಎಂಬ ದೀರ್ಘ ಅಧ್ಯಯನ ನಡೆದಿದೆ. ಗ್ರಂಥಿಯ ಒಳಗೇ ಇದ್ದ ಕ್ಯಾನ್ಸರ್ ಪತ್ತೆಯಾದ, ೫೦ರಿಂದ ೬೯ ವಯಸ್ಸಿನ ೧,೬೪೩ ಪುರುಷರನ್ನು ಮೂರು ಗುಂಪು ಮಾಡಿ, ಕೆಲವರಿಗೆ ಶಸ್ತ್ರಚಿಕಿತ್ಸೆ, ಕೆಲವರಿಗೆ ವಿಕಿರಣ ಚಿಕಿತ್ಸೆ, ಉಳಿದವರಿಗೆ ಕೇವಲ ನಿಗಾ, ಅಂದರೆ ಆಗಾಗ ಪರೀಕ್ಷಿಸುತ್ತ ಅಗತ್ಯ ಬಿದ್ದಾಗ ಮಾತ್ರ ಚಿಕಿತ್ಸೆ ಎಂದು ಗೊತ್ತುಮಾಡಿದರು. ಆರಂಭದಲ್ಲಿ ಇವರಲ್ಲಿ ಶೇಕಡಾ ೬೭ ಮಂದಿಗೆ ದಾಂಪತ್ಯಕ್ಕೆ ಸಾಲುವಷ್ಟು ನಿಮಿರುವಿಕೆಯಿತ್ತು. ಆರು ತಿಂಗಳ ಬಳಿಕ ಅದು ನಿಗಾದಲ್ಲಿದ್ದವರಲ್ಲಿ ೫೨ಕ್ಕೆ, ವಿಕಿರಣ ಪಡೆದವರಲ್ಲಿ ೨೨ಕ್ಕೆ, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ೧೨ಕ್ಕೆ ಇಳಿಯಿತು. ಆರು ವರ್ಷಗಳ ಬಳಿಕ ನೋಡಿದಾಗ ಈ ಅಂಕಿಗಳು ಕ್ರಮವಾಗಿ ೩೦, ೨೭ ಮತ್ತು ೧೭. ನಿಗಾದಲ್ಲಿದ್ದವರಲ್ಲಿಯೂ ಇಳಿದದ್ದೇಕೆಂದರೆ, ಅವರಲ್ಲಿ ಹಲವರು ಮುಂದೆ ಚಿಕಿತ್ಸೆಗೆ ಒಳಗಾದರು. ಉಳಿದದ್ದು ವಯಸ್ಸಿನ ಕೆಲಸ. ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿ ಇಡಬೇಕು. ೨೦೨೩ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಫಲಿತಾಂಶದಂತೆ, ಮೂರೂ ಗುಂಪು ಸೇರಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಮೂವರಿಗಿಂತ ಕಡಿಮೆ.

ಇದರ ಅರ್ಥವೇನು? ಬೇಗ ಪತ್ತೆಯಾದ, ಸೌಮ್ಯ ಸ್ವಭಾವದ ಕ್ಯಾನ್ಸರ್ ಆಗಿದ್ದರೆ ತಕ್ಷಣ ಕತ್ತರಿಸಿಯೇ ತೀರಬೇಕೆಂಬ ಆತುರವಿಲ್ಲ. ನಿಗಾದಲ್ಲಿರುವುದೂ ಒಂದು ಗೌರವಾನ್ವಿತ ದಾರಿ. ನಿಗಾ ಎಂದರೆ ಮಾಸ್ತರರು ಮಾಡಿದಂತೆ ಊರಿಗೆ ಹೋಗಿ ಸುಮ್ಮನಿರುವುದಲ್ಲ. ಗೊತ್ತಾದ ಅವಧಿಗೆ ರಕ್ತದ ಪಿ.ಎಸ್.ಎ. ಪರೀಕ್ಷೆ, ಸ್ಕ್ಯಾನ್, ಬೇಕೆನಿಸಿದಾಗ ಚೂರು ತೆಗೆದು ನೋಡುವುದು ಇವೆಲ್ಲ ಅದರಲ್ಲಿ ಸೇರಿವೆ. ರೋಗದ ಸ್ವಭಾವ ಉಗ್ರವಾಗಿದ್ದರೆ ಮಾತು ಬೇರೆ. ಅಲ್ಲಿ ಚಿಕಿತ್ಸೆಯನ್ನು ಮುಂದೂಡುವುದು ಪ್ರಾಣಕ್ಕೆ ಎರವು. ತನ್ನದು ಯಾವ ಬಗೆಯದೆಂದು ಹೊರಗೆ ಬೆಂಚಿನ ಮೇಲೆ ಕುಳಿತವರು ಹೇಳಲಾರರು.

ವಿಕಿರಣದಿಂದ ಆಗುವ ಹಾನಿ ಶಸ್ತ್ರದಂತೆ ಒಂದೇ ದಿನ ಬರುವುದಿಲ್ಲ. ರಕ್ತನಾಳಗಳೂ ನರಗಳೂ ವರ್ಷಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಸೊರಗುತ್ತವೆ. ಮೂರನೆಯ ದಾರಿ ಹಾರ್ಮೋನು ಚಿಕಿತ್ಸೆ. ಈ ಕ್ಯಾನ್ಸರ್ ಪುರುಷ ಹಾರ್ಮೋನಿನ ಬಲದಿಂದ ಬೆಳೆಯುತ್ತದೆ, ಅದನ್ನು ತಡೆದರೆ ರೋಗ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬವರು ೧೯೪೧ರಲ್ಲಿ ತೋರಿಸಿದರು. ೧೯೬೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಮೂಳೆಗೆ ಹರಡಿದ ರೋಗಕ್ಕೆ ಇಂದಿಗೂ ಇದೇ ಆಧಾರ. ಆದರೆ ಹಾರ್ಮೋನನ್ನು ತಡೆದಾಗ ಶಕ್ತಿ ಮಾತ್ರವಲ್ಲ, ಬಯಕೆಯೂ ಬಾಡುತ್ತದೆ. ಮೈಯಲ್ಲಿ ಬಿಸಿಯ ಅಲೆ ಏಳುತ್ತದೆ, ಮೂಳೆ ಸವೆಯುತ್ತದೆ, ಮನಸ್ಸು ಕುಸಿಯುತ್ತದೆ. ನಮ್ಮ ಮಾಸ್ತರರಿಗೆ ಈಗ ನಡೆಯುತ್ತಿರುವುದು ಇದೇ ಚಿಕಿತ್ಸೆ. ಯಾವುದನ್ನು ಉಳಿಸಿಕೊಳ್ಳಲು ಅವರು ಆಸ್ಪತ್ರೆಯಿಂದ ದೂರ ಉಳಿದರೋ, ಅದನ್ನು ಆ ವಿಳಂಬವೇ ಕಸಿದುಕೊಂಡಿತು. ಮೊದಲೇ ಕೇಳಿದ್ದರೆ ನರಗಳನ್ನು ಉಳಿಸುವ ಮಾತಾದರೂ ನಡೆಯಬಹುದಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ನಿಮಿರುವಿಕೆ ಕುಗ್ಗಿದೊಡನೆ ಕ್ಯಾನ್ಸರ್ ಬಂತೆಂದು ಕಂಗಾಲಾಗುವವರಿದ್ದಾರೆ. ಯೌವನದಲ್ಲಿ ಮಾಡಿದ ಯಾವುದೋ ತಪ್ಪಿಗೆ ಇದು ಫಲವೆಂದು ಒಳಗೊಳಗೇ ಕೊರಗುವವರಿದ್ದಾರೆ. ಎರಡೂ ಸರಿಯಲ್ಲ. ಚಿಕಿತ್ಸೆಗೆ ಮೊದಲು ಕಾಣುವ ದೌರ್ಬಲ್ಯಕ್ಕೆ ಸಾಮಾನ್ಯ ಕಾರಣ ಮಧುಮೇಹ, ರಕ್ತದೊತ್ತಡ, ಧೂಮಪಾನ, ಕೆಲವು ಔಷಧಿಗಳು, ಮನಸ್ಸಿನ ಒತ್ತಡ ಇವೇ. ಅಲ್ಲಿನ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವಾದ್ದರಿಂದ ಕಟ್ಟಿಕೊಳ್ಳುವುದೂ ಮೊದಲು. ಹೃದಯದ ಬೇನೆ ಕಾಣಿಸುವುದಕ್ಕೆ ಕೆಲವು ವರ್ಷ ಮುಂಚೆಯೇ ಇದು ಕಾಣಿಸಬಹುದು. ಆದ್ದರಿಂದ ಇಂತಹ ತೊಂದರೆಯಿದ್ದವರು ಸಕ್ಕರೆಯನ್ನೂ ಹೃದಯವನ್ನೂ ಪರೀಕ್ಷಿಸಿಕೊಳ್ಳುವುದು ಜಾಣತನ. ಅದನ್ನು ಬಿಟ್ಟು ನಮ್ಮವರು ಹುಡುಕಿಕೊಂಡು ಹೋಗುವುದು ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗ’ ಎಂದು ಬರೆಸಿ, ವಾರಕ್ಕೊಮ್ಮೆ ಲಾಡ್ಜಿನಲ್ಲಿ ಬಂದು ಕೂರುವವರನ್ನು! ಮಾಸ್ತರರೂ ಆ ಒಂದೂವರೆ ವರ್ಷದಲ್ಲಿ ಇಂತಹ ಲೇಹ್ಯಕ್ಕೆ ತಮ್ಮ ಪಿಂಚಣಿಯಲ್ಲಿ ಎಷ್ಟು ಸುರಿದರೆಂಬುದನ್ನು ನಮಗೆ ಹೇಳಲೇ ಇಲ್ಲ.

ಚಿಕಿತ್ಸೆಯ ನಂತರ ಉಂಟಾದ ಕೊರತೆಗೆ ಉಪಾಯಗಳಿಲ್ಲದಿಲ್ಲ. ಅಮೆರಿಕದಲ್ಲಿ ೧೯೯೮ರಲ್ಲಿ ಒಪ್ಪಿಗೆ ಪಡೆದ ಸಿಲ್ಡೆನಾಫಿಲ್ ಎಂಬ ಗುಳಿಗೆ ಈಗ ನಮ್ಮಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ. ಆದರೆ ಅದು ಕೆಲಸ ಮಾಡಲು ನರಗಳಿಂದ ಸಂದೇಶ ಬರಬೇಕು. ಎರಡೂ ಕಡೆಯ ನರಗಳು ಹೋಗಿದ್ದರೆ ಗುಳಿಗೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟಿನಂತಹ ಗುಳಿಗೆಯನ್ನು ಬಳಸುವವರು ಇದನ್ನು ಮುಟ್ಟಲೇಬಾರದು; ಎರಡೂ ಕೂಡಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಾಪಾಯವಾದೀತು. ಅಂಗಡಿಯಲ್ಲಿ ಗುಟ್ಟಾಗಿ ಕೊಂಡು ತಂದವರಿಗೆ ಈ ಮಾತು ಹೇಳುವವರಾರು? ಗುಳಿಗೆ ಫಲಿಸದವರಿಗೆ ನಿರ್ವಾತ ಪಂಪು, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಯಿಂದ ಒಳಗೆ ಅಳವಡಿಸುವ ಸಾಧನ ಇವೆ. ಇವೆಲ್ಲ ಮೂತ್ರರೋಗ ತಜ್ಞರ ಬಳಿ ಕೇಳಿ ತಿಳಿಯಬೇಕಾದವು. ಇದಾವುದೂ ಬೇಡವೆಂದು, ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತು ತೃಪ್ತರಾಗಿರುವ ದಂಪತಿಗಳೂ ಉಂಟು. ಅವರನ್ನು ಯಾರೂ ಕೊರತೆಯವರೆಂದು ಕರೆಯಬೇಕಾಗಿಲ್ಲ.

ವಾಲ್ಶ್ ಆ ಮೊದಲ ಶಸ್ತ್ರಚಿಕಿತ್ಸೆ ಮಾಡಿದ ೧೯೮೨ರಲ್ಲಿಯೇ ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳ ನೋಂದಣಿ ಆರಂಭವಾಯಿತು. ಆ ನಗರದ ಪುರುಷರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಇಂದು ಪ್ರಾಸ್ಟೇಟಿನದು ಮುಂದಿದೆ. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಇದು ಕಡಿಮೆಯಾದರೂ, ಬರುವವರಲ್ಲಿ ಹಲವರು ರೋಗ ಹರಡಿದ ಮೇಲೆಯೇ ಬರುತ್ತಾರೆ. ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆಗೆ ನಾಚುವುದು ಒಂದು ಕಾರಣ. ಆ ಪರೀಕ್ಷೆ ಒಂದು ನಿಮಿಷದ್ದೂ ಅಲ್ಲ. ವೈದ್ಯರ ಮುಂದೆ ಏನನ್ನು ಕೇಳಬೇಕೆಂದು ತೋಚದವರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ನನ್ನ ರೋಗ ಸೌಮ್ಯವೋ ಉಗ್ರವೋ, ನಿಗಾದಲ್ಲಿ ಇರಬಹುದೇ, ನರಗಳನ್ನು ಉಳಿಸಲು ಸಾಧ್ಯವೇ, ತಾವು ಇಂತಹ ಶಸ್ತ್ರಚಿಕಿತ್ಸೆಯನ್ನು ಎಷ್ಟು ಮಂದಿಗೆ ಮಾಡಿದ್ದೀರಿ, ಮುಂದೆ ಕೊರತೆ ಉಳಿದರೆ ಏನು ಉಪಾಯ ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಬಾಯಿ ಬಾರದಿದ್ದರೆ ಚೀಟಿಯನ್ನೇ ಮೇಜಿನ ಮೇಲಿಟ್ಟರಾಯಿತು. ಮತ್ತು ಮನೆಯವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಬಾರದು.

ಮಾಸ್ತರರಿಗೆ ಈಗ ೭೧. ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದಿಗೆ ಹೋಗಿಬರುತ್ತಾರೆ. ಬೆನ್ನುನೋವು ಹತೋಟಿಯಲ್ಲಿದೆ, ಬೆಳಿಗ್ಗೆ ಹಿತ್ತಲಿನ ಗಿಡಗಳಿಗೆ ನೀರು ಹಾಕುವಷ್ಟು ಚೇತರಿಸಿಕೊಂಡಿದ್ದಾರೆ. ಈಚೆಗೆ ವೈದ್ಯರ ಕೋಣೆಯೊಳಕ್ಕೆ ಅವರ ಮನೆಯವರೂ ಹೋಗುತ್ತಾರೆ. ಕಳೆದ ಸಲ ಆಕೆಯೇ ಮೊದಲು ಬಾಯಿಬಿಟ್ಟು, “ನಮ್ಮ ಮಗಗ ನಲವತ್ತೈದು ಆತ್ರೀ. ಅವನೂ ತೋರಿಸ್ಕೋಬೇಕೇನ್ರಿ?” ಎಂದು ಕೇಳಿದರಂತೆ. ತಂದೆಗೆ ಈ ರೋಗವಿದ್ದರೆ ಮಗನಿಗೆ ಬರುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ, ಈ ವಯಸ್ಸಿನಿಂದಲೇ ರಕ್ತ ಪರೀಕ್ಷೆಯ ವಿಚಾರ ಮಾಡುವುದು ಒಳ್ಳೆಯದು ಎಂದು ವೈದ್ಯರು ಹೇಳಿದರು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಮಗ ಮರುವಾರವೇ ಹೋಗಿ ಮಾಡಿಸಿಕೊಂಡು ಬಂದ. ಅಂಕಿ ಸರಿಯಾಗಿದೆ, ಮತ್ತೆ ಯಾವಾಗ ಬರಬೇಕೆಂಬುದನ್ನು ತಾಯಿ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟಿದ್ದಾರೆ.